ಹಳೆಯ ಕಾರು ಮತ್ತು ನೀರೊಳಗಿನ ಎಮ್ಮೆ

ನೀರೊಳಗೆ ಮಲಗಿರುವ ಎಮ್ಮೆಗೆ ಬೆಲೆ ಕಟ್ಟಬಾರದೆಂಬುದು ನಮ್ಮ ಹಿರಿಯರು ಕಂಡುಕೊಂಡ ವ್ಯವಹಾರ ನೀತಿ. ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತನು ಅದರ ಬಾಯಿ ತೆರೆದು ಹಲ್ಲು ಎಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಕಾಲಿನ ಊನವನ್ನು ಪರೀಕ್ಷಿಸುತ್ತಾನೆ. ಮಾರುವವನು ಇದನ್ನು ಅವಮಾನವೆಂದು ಎಂದೂ ಬಗೆಯುವುದಿಲ್ಲ. ಆದರೆ ಅದೇ ರೈತನ ಮಗನು ಹಳೆಯ ಕಾರು ಕೊಳ್ಳಲು ಹೊರಟಾಗ ಬಣ್ಣದ ಹೊಳಪನ್ನೂ ಮಾರುವವನ ಮಾತನ್ನೂ ನಂಬಿ ಮುಂಗಡ ಕೊಟ್ಟು ಬರುತ್ತಾನೆ. ಇದೇಕೆ ಹೀಗೆ?

ನಮ್ಮ ಉರುಕುಂದವು ಆಂಧ್ರದ ಕರ್ನೂಲು ಜಿಲ್ಲೆಯ ಕೌತಾಳಂ ಮಂಡಲಕ್ಕೆ ಸೇರಿದ್ದರೂ ನಮ್ಮ ಕೊಡುಕೊಳೆಯ ಹಾದಿಗಳು ರಾಯಚೂರು, ಸಿರುಗುಪ್ಪ, ಬಳ್ಳಾರಿಗಳ ಕಡೆಗೂ ಅಷ್ಟೇ ಸಲೀಸಾಗಿ ಹರಿಯುತ್ತವೆ. ಶ್ರಾವಣ ಮಾಸದಲ್ಲಿ ಈರಣ್ಣ ಸ್ವಾಮಿಯ ದರ್ಶನಕ್ಕೆ ಬರುವ ವಾಹನಗಳಲ್ಲಿ ಕೆಎ 34, ಕೆಎ 36 ಎಂಬ ಸಂಖ್ಯೆಗಳೇ ಎದ್ದು ಕಾಣುತ್ತವೆ. ಹೆಣ್ಣು ಕೊಟ್ಟು ತಂದ ನಂಟಿರುವ ಕಡೆಯಿಂದಲೇ ಹಳೆಯ ಕಾರುಗಳೂ ಗಡಿ ದಾಟಿ ನಮ್ಮ ಮನೆಯಂಗಳಕ್ಕೆ ಬರುತ್ತವೆ. ನಂಟಿನ ಜೊತೆಗೆ ಸಂಕೋಚವೂ ಬರುತ್ತದೆ.

ನನ್ನ ತಂಗಿಯನ್ನು ತಿಂಗಳಿಗೆ ಎರಡು ಬಾರಿ ಆದವಾನಿಯ ಆಸ್ಪತ್ರೆಗೆ ಕರೆದೊಯ್ಯಬೇಕಾಗಿದೆ. ಅದಕ್ಕಾಗಿ ಅವಳ ಮಗನು ಎರಡು ವರ್ಷದ ಹತ್ತಿಯ ಹಣವನ್ನು ಕೂಡಿಟ್ಟು, ರಾಯಚೂರಿನ ಕಡೆ ಏಳು ವರ್ಷದ ಕಾರೊಂದನ್ನು 2 ಲಕ್ಷ 60 ಸಾವಿರಕ್ಕೆ ಗೊತ್ತುಮಾಡಿಕೊಂಡು ಬಂದ. ಮಾರುವವರು ದೂರದ ನೆಂಟರ ಪರಿಚಿತರು. “ಈರಣ್ಣ ಸ್ವಾಮಿಯ ಆಣೆ, ಗಾಡಿಯಲ್ಲಿ ಏನೂ ದೋಷವಿಲ್ಲ” ಎಂದಿದ್ದರಂತೆ. ಐದು ಸಾವಿರ ಮುಂಗಡವೂ ಆಗಿತ್ತು.

“ಮಾವ, ಕೆಲವು ನೂರು ರೂಪಾಯಿ ಕೊಟ್ಟರೆ ಗಾಡಿಯ ಹಿಂದಿನ ಚರಿತ್ರೆಯನ್ನೆಲ್ಲ ತೆಗೆದುಕೊಡುವ ಕಂಪನಿಗಳಿವೆ. ಕೊಡಲೋ ಬೇಡವೋ?” ಎಂದು ಕೇಳಿದ. “ದೇವರ ಆಣೆ ಇಟ್ಟ ಮೇಲೆ ಮತ್ತೆ ಹಣ ಕೊಟ್ಟು ವಿಚಾರಿಸುವುದು ಚೆನ್ನಾಗಿ ಕಾಣುವುದಿಲ್ಲಪ್ಪ” ಎಂದೆ. ಆ ಮಾತು ನನ್ನ ತಪ್ಪು.

ಹುಡುಗ ನನಗಿಂತ ಜಾಣ. ಹಣ ಕೊಡುವ ಮೊದಲು, ಕೇಂದ್ರ ಸರ್ಕಾರದ ಪರಿವಾಹನ್ ವ್ಯವಸ್ಥೆಯಲ್ಲಿ ಗಾಡಿಯ ಸಂಖ್ಯೆಯನ್ನು ಕೊಟ್ಟು ಉಚಿತವಾಗಿಯೇ ನೋಡಿದ. ನೋಂದಣಿಯ ದಿನ, ವಿಮೆಯ ಅವಧಿ ಎಲ್ಲವೂ ಸರಿಯಾಗಿದ್ದವು. ಆದರೆ ಕಾರು ಬೆಂಗಳೂರಿನ ಮೊದಲ ಮಾಲೀಕರ ಹೆಸರಿನಲ್ಲಿಯೇ ಇತ್ತು. ಅದರ ಮೇಲೆ ಸಾಲದ ಅಡಮಾನವೂ ದಾಖಲಾಗಿತ್ತು. ನಮಗೆ ಮಾರಲು ಬಂದವರು ಎರಡು ವರ್ಷದ ಹಿಂದೆ ದಲ್ಲಾಳಿಯ ಮೂಲಕ, ಸಹಿ ಮಾಡಿದ ಖಾಲಿ ಫಾರಂಗಳನ್ನು ಮಾತ್ರ ಪಡೆದು, ಕಾರು ಕೊಂಡಿದ್ದರು. ಸಾಲದ ಸುದ್ದಿ ಅವರಿಗೂ ಹೊಸದು. ಅವರ ಆಣೆ ಸುಳ್ಳಲ್ಲ; ಆದರೆ ತನಗೆ ತಿಳಿಯದ ಸಂಗತಿಗೆ ಮನುಷ್ಯ ಹೇಗೆ ಆಣೆ ಇಟ್ಟಾನು?

ಸಾಲ ತೀರಿದೆಯೆಂದು ಸಾಲ ಕೊಟ್ಟವರು ಪತ್ರ ಕೊಟ್ಟು, ಫಾರಂ 35ರ ಮೂಲಕ ಅಡಮಾನ ರದ್ದಾಗದ ಹೊರತು ಇಂತಹ ಕಾರು ನಿರಾತಂಕವಾಗಿ ಕೈ ಬದಲಾಯಿಸಲಾರದು. ಮೊದಲ ಮಾಲೀಕರ ಪತ್ತೆಯೂ ಸಿಕ್ಕಲಿಲ್ಲ. ವ್ಯಾಪಾರವನ್ನು ಕೈಬಿಟ್ಟೆವು. ಮುಂಗಡದ ಹಣ ಎರಡು ಕಂತಿನಲ್ಲಿ ಹಿಂದಿರುಗಿತು.

ಗಡಿನಾಡಿನವರಾದ ನಮಗೆ ಈ ಎಚ್ಚರಿಕೆ ಒಂದು ಪಾಲು ಹೆಚ್ಚೇ ಬೇಕು. ಕರ್ನಾಟಕದ ಗಾಡಿಯನ್ನು ಆಂಧ್ರದಲ್ಲಿ ನೋಂದಾಯಿಸಲು ಅಲ್ಲಿನ ಸಾರಿಗೆ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಅದಕ್ಕೆ ಫಾರಂ 28. 1988ರ ಮೋಟಾರು ವಾಹನ ಕಾಯಿದೆಯಂತೆ, ಬೇರೆ ರಾಜ್ಯದಲ್ಲಿ 12 ತಿಂಗಳು ಮೀರಿ ಇರಿಸಿಕೊಂಡ ವಾಹನಕ್ಕೆ ಆ ರಾಜ್ಯದ ಹೊಸ ಸಂಖ್ಯೆ ಪಡೆಯಬೇಕು. ಕೊಂಡವನು 30 ದಿನಗಳೊಳಗೆ ಒಡೆತನದ ಬದಲಾವಣೆಯನ್ನು ತಿಳಿಸಬೇಕು. ಇಲ್ಲಿನ ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿಯದೆ ‘ಅಗ್ಗ’ ಎನ್ನುವುದು ಅವಿವೇಕ.

ಮಾರುವವರಿಗೂ ಇದರಲ್ಲಿ ಪಾಠವಿದೆ. ಮಾರಿದರೂ ದಾಖಲೆಯಲ್ಲಿ ಹೆಸರು ಬದಲಾಗದಿದ್ದರೆ, ಅಪಘಾತದ ಪರಿಹಾರಕ್ಕೆ ನೋಂದಾಯಿತ ಮಾಲೀಕನೇ ಹೊಣೆಯೆಂದು ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿಯಲ್ಲಿ ತೀರ್ಪಿತ್ತಿತು. ಆ ಮೊಕದ್ದಮೆಯ ಕಾರು ಅಪಘಾತಕ್ಕೆ ಮೊದಲೇ ಹಲವು ಕೈ ದಾಟಿತ್ತು!

ಹಾಗಾದರೆ ಹಣ ಕೊಟ್ಟು ಚರಿತ್ರೆ ತರಿಸುವುದು ವ್ಯರ್ಥವೇ? ಹಾಗೆನ್ನಲಾಗದು. ಬ್ರಿಟನ್ನಿನಲ್ಲಿ ಕಂತಿನ ಸಾಲವಿರುವ ಕಾರುಗಳ ಮಾಹಿತಿ ಕೊಡುವ ಸಂಸ್ಥೆ 1938ರಲ್ಲಿಯೇ ಹುಟ್ಟಿತು. ಅಮೆರಿಕದಲ್ಲಿ ಓಡಿದ ಮೈಲಿಗಳ ಅಂಕಿಯನ್ನು ಹಿಂದಕ್ಕೆ ತಿರುಗಿಸುವ ಮೋಸವನ್ನು ತಡೆಯಲು 1972ರಲ್ಲಿ ಕಾನೂನು ಬಂತು. 1984ರಲ್ಲಿ ಕಾರುಗಳ ಚರಿತ್ರೆಯನ್ನೇ ಮಾರುವ ಕಾರ್‌ಫ್ಯಾಕ್ಸ್ ಸಂಸ್ಥೆ ಆರಂಭವಾಯಿತು. ಆದರೆ ವರದಿಯ ಬೆಲೆ ಅದು ನೋಡಿದ ದಾಖಲೆಗಳ ಬೆಲೆಯಷ್ಟೇ. ದಾಖಲೆಗೇ ಬಾರದ ಅಪಘಾತವನ್ನು ಅದು ಹೇಳಲಾರದು. ಆದುದರಿಂದ ಕಂಪನಿಯವರನ್ನು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: “ಸರ್ಕಾರ ಉಚಿತವಾಗಿ ತೋರಿಸುವುದಕ್ಕಿಂತ ಹೆಚ್ಚಾಗಿ ನೀವು ಏನು ತೋರಿಸುವಿರಿ?” ವಿಮೆಯ ಪರಿಹಾರ ಪಡೆದ ವಿವರ, ದುರಸ್ತಿಯ ವಿವರ ದೊರೆಯುವುದಾದರೆ ಆ ಕೆಲವು ನೂರು ರೂಪಾಯಿ ಧಾರಾಳವಾಗಿ ಕೊಡಬಹುದು. ಉಚಿತ ಸಂಗತಿಯನ್ನೇ ಅಂದವಾಗಿ ಅಚ್ಚು ಹಾಕಿ ಕೊಡುವುದಾದರೆ ಬೇಡ.

ಕದ್ದ ಗಾಡಿಯೇ ಎಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವಾಹನ ಸಮನ್ವಯ ವ್ಯವಸ್ಥೆಯಲ್ಲಿ ನೋಡಬಹುದು. ಕಟ್ಟದೆ ಉಳಿದ ದಂಡವನ್ನು ಇ-ಚಲನ್ ವ್ಯವಸ್ಥೆಯಲ್ಲಿ ತಿಳಿಯಬಹುದು. ಆರ್.ಸಿ.ಯಲ್ಲಿರುವ ಎಂಜಿನ್ ಮತ್ತು ಚಾಸಿ ಸಂಖ್ಯೆಗಳನ್ನು ಗಾಡಿಯ ಮೇಲಿನ ಸಂಖ್ಯೆಗಳೊಡನೆ ಕಣ್ಣಾರೆ ಹೋಲಿಸುವುದಕ್ಕೆ ಯಾರ ಹಣವೂ ಬೇಕಿಲ್ಲ.

ಕಾಗದ ಹೇಳದುದನ್ನು ಕಬ್ಬಿಣ ಹೇಳುತ್ತದೆ. 2009ರ ಅಕ್ಟೋಬರ್ ಮೊದಲ ವಾರದಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯವೂ ಕರ್ನೂಲು ನಗರವೂ ಮುಳುಗಿದ್ದನ್ನು ನಮ್ಮ ಸೀಮೆಯವರು ಮರೆತಿಲ್ಲ. 2015ರಲ್ಲಿ ಚೆನ್ನೈ ಮುಳುಗಿತು. ನೀರು ಕುಡಿದ ಕಾರು ತೊಳೆದರೆ ಹೊಳೆಯುತ್ತದೆ; ಆದರೆ ಸೀಟಿನ ಕೆಳಗಿನ ಹಳಿಗಳ ತುಕ್ಕು, ನೆಲಹಾಸಿನ ಅಡಿಯ ಕೆಸರು, ಪೂರ್ತಿ ಎಳೆದ ಸೀಟಿನ ಪಟ್ಟಿಯ ಕಲೆ, ಬಾಗಿಲು ಮುಚ್ಚಿದಾಗ ಬರುವ ಮುಗ್ಗಲು ವಾಸನೆ ಗುಟ್ಟನ್ನು ಬಿಟ್ಟುಕೊಡುತ್ತವೆ. ಇದನ್ನು ಬಲ್ಲ ಮೆಕ್ಯಾನಿಕ್‌ಗೆ ಕೊಡುವ ಕೂಲಿ ಎಂದಿಗೂ ದಂಡವಲ್ಲ.

ಎರಡು ತಿಂಗಳ ತರುವಾಯ ಹುಡುಗನು ಬಳ್ಳಾರಿಯ ಕಡೆ ಇನ್ನೊಂದು ಕಾರನ್ನು ನೋಡಿದ. ಈ ಬಾರಿ ಮುಂಗಡಕ್ಕೆ ಮೊದಲೇ ಎಲ್ಲವನ್ನೂ ಪರೀಕ್ಷಿಸಿದೆವು. ಕಂಪನಿಯ ವರದಿಯನ್ನೂ ತರಿಸಿದ. ಅದರಲ್ಲಿ ಹೊಸದೇನೂ ಇರಲಿಲ್ಲ. ಮೆಕ್ಯಾನಿಕ್ ಮಾತ್ರ ಮುಂದಿನ ಚಕ್ರದ ದೋಷವೊಂದನ್ನು ತೋರಿಸಿ, ಬೆಲೆಯಲ್ಲಿ ಎಂಟು ಸಾವಿರ ಇಳಿಸಿಕೊಟ್ಟ. ನಾವು ಕಾಗದ ಕೇಳಿದ್ದಕ್ಕೆ ಕಾರಿನ ಒಡೆಯರಾದ ವೃದ್ಧರು ನಕ್ಕು, “ಕೇಳಿದ್ದು ಒಳ್ಳೆಯದಾಯಿತು ಮೇಷ್ಟ್ರೇ, ನಾಳೆ ನನ್ನ ಹೆಸರು ಇದರಲ್ಲಿ ಉಳಿಯಬಾರದು ನೋಡಿ” ಎಂದರು.

ಓದುಗ ಬಂಧುಗಳೇ, ವಿಚಾರಿಸುವುದು ಅಪನಂಬಿಕೆಯಲ್ಲ. ಕೊಡುವವನೂ ಕೊಳ್ಳುವವನೂ ನಾಳೆ ಒಂದೇ ಜಾತ್ರೆಯಲ್ಲಿ ಎದುರಾದಾಗ ಮುಖ ತಪ್ಪಿಸದೆ ಮಾತನಾಡುವಂತೆ ಇಂದೇ ಮಾಡಿಕೊಳ್ಳುವ ಏರ್ಪಾಡು ಅದು. ತಂಗಿ ಈಗ ಆ ಕಾರಿನಲ್ಲಿಯೇ ಆದವಾನಿಗೆ ಹೋಗಿ ಬರುತ್ತಾಳೆ.