ರಕ್ತಕಣದ ಸಕ್ಕರೆಯೂ ಪರಸ್ಥಳದ ನಮ್ಮವರೂ

ರಕ್ತದಲ್ಲಿ ಸಕ್ಕರೆ ಎಂದೊಡನೆ ನಮಗೆ ನೆನಪಾಗುವುದು ಮಧುಮೇಹ. ನಾವಿಲ್ಲಿ ಹೇಳಹೊರಟಿರುವುದು ಬೇರೊಂದು ಸಕ್ಕರೆಯ ವಿಚಾರ. ನಮ್ಮ ದೇಹದ ಅನೇಕ ಪ್ರೋಟೀನುಗಳಿಗೆ ಸಕ್ಕರೆಯ ಸಣ್ಣ ಸರಪಳಿಗಳು ಅಂಟಿಕೊಂಡಿರುತ್ತವೆ. ಅಂಗದಿಂದ ಅಂಗಕ್ಕೆ ಇವುಗಳ ಬಗೆ ಬೇರೆ. ಯಾವ ಅಂಗದಲ್ಲಿ ಯಾವ ಸರಪಳಿಯಿದೆ ಎಂಬುದರ ನಕ್ಷೆಯನ್ನು ವಿಜ್ಞಾನಿಗಳು ಇಂದು ಸಿದ್ಧಪಡಿಸುತ್ತಿದ್ದಾರೆ. ಎ, ಬಿ, ಓ ಎಂಬ ರಕ್ತದ ಗುಂಪುಗಳೂ ಇಂತಹ ಸರಪಳಿಗಳ ತುದಿಯ ಭೇದಗಳೇ.

ಕೆಂಪು ಕಣದ ಸರಪಳಿಗೆ ಮೊದಲು ಫ್ಯೂಕೋಸ್ ಎಂಬ ಸಕ್ಕರೆ ಸೇರಿ ‘ಎಚ್’ ಎಂಬ ಗುರುತು ಉಂಟಾಗುತ್ತದೆ. ಅದಕ್ಕೆ ಮತ್ತೊಂದು ಸಕ್ಕರೆ ಕೂಡಿದರೆ ಎ ಅಥವಾ ಬಿ. ಏನೂ ಕೂಡದಿದ್ದರೆ ಓ. ಈ ಎಚ್ ಗುರುತೇ ಇಲ್ಲದವರನ್ನು 1952ರಲ್ಲಿ ಮುಂಬಯಿಯ ಡಾ. ವೈ. ಎಂ. ಭೇಂಡೆಯವರೂ ಅವರ ಸಂಗಡಿಗರೂ ಮೊದಲು ಗುರುತಿಸಿದರು. ಅದಕ್ಕೆ ‘ಬಾಂಬೆ ಗುಂಪು’ ಎಂದೇ ಹೆಸರಾಯಿತು. ಭಾರತದಲ್ಲಿ ಸುಮಾರು 10,000 ಜನರಲ್ಲಿ ಒಬ್ಬರು ಇಂಥವರೆಂದು ಅಂದಾಜು. ಕೆಂಪು ಕಣಕ್ಕೆ ಫ್ಯೂಕೋಸ್ ಸೇರಿಸುವ ಕಿಣ್ವ ಒಂದು, ಜೊಲ್ಲು ಕರುಳುಗಳಲ್ಲಿ ಸೇರಿಸುವ ಕಿಣ್ವ ಇನ್ನೊಂದು. ಇವರಲ್ಲಿ ಬಹುಮಂದಿಗೆ ಎರಡೂ ಇರುವುದಿಲ್ಲ.

ಇದರಿಂದ ಆರೋಗ್ಯಕ್ಕೇನೂ ಕುಂದಿಲ್ಲ. ಅಪಾಯವಿರುವುದು ರಕ್ತ ಪಡೆಯುವಾಗ. ಸಾಧಾರಣ ಪರೀಕ್ಷೆಯಲ್ಲಿ ಈ ರಕ್ತವು ಓ ಎಂದೇ ತೋರುತ್ತದೆ. ಆದರೆ ಓ ಕಣಗಳಲ್ಲಿ ಎಚ್ ಹೇರಳವಾಗಿರುವುದರಿಂದ, ಅದನ್ನು ಕೊಟ್ಟರೆ ಇವರ ದೇಹವು ಆ ಕಣಗಳನ್ನು ಒಡೆದುಹಾಕುತ್ತದೆ. ಪ್ರಾಣಕ್ಕೇ ಸಂಚಕಾರ ಬರುತ್ತದೆ. ರೋಗಿಯ ರಕ್ತದ ತಿಳಿಯನ್ನು ಓ ಕಣಗಳೊಡನೆ ಬೆರೆಸಿದಾಗ ಕಣಗಳು ಮುದ್ದೆಗಟ್ಟಿದರೆ ಸಂಶಯಪಡಬೇಕು.

ಅಪರೂಪದ ರಕ್ತದ ಕಷ್ಟವನ್ನು ಗುಜರಾತವೂ ಕಂಡಿದೆ. ಅಹಮದಾಬಾದಿನಲ್ಲಿ ಹೃದಯಚಿಕಿತ್ಸೆಗೆ ಬಂದಿದ್ದ ರೋಗಿಯೊಬ್ಬರಿಗೆ ಯಾವ ರಕ್ತವೂ ಹೊಂದಲಿಲ್ಲ. ಮಾದರಿಯು ಸೂರತ್ತಿಗೂ ಅಲ್ಲಿಂದ ಅಮೆರಿಕಕ್ಕೂ ಹೋದ ಮೇಲೆ, ‘ಇಎಂಎಂ’ ಎಂಬ ಗುರುತು ಅವರಲ್ಲಿಲ್ಲವೆಂದು ತಿಳಿದುಬಂತು. ಭಾರತದಲ್ಲಿ ಅದೇ ಮೊದಲನೆಯದೆಂದು 2022ರಲ್ಲಿ ವರದಿಯಾಯಿತು. ಆ ಗುರುತೂ ಪ್ರೋಟೀನನ್ನು ಕಣಕ್ಕೆ ಬಿಗಿಯುವ ಸಕ್ಕರೆಯ ಕೊಂಡಿಗೆ ಸೇರಿದ್ದು.

ಇಂತಹ ರಕ್ತವು ಹೊಂದುವ ಸಂಭವ ಒಡಹುಟ್ಟಿದವರಲ್ಲಿಯೇ ಹೆಚ್ಚು. ಅಣ್ಣನದು ಬಾಂಬೆ ಗುಂಪಾದರೆ ತಮ್ಮನದೂ ಅದೇ ಆಗುವ ಸಂಭವ ಸಾಮಾನ್ಯವಾಗಿ ನಾಲ್ಕರಲ್ಲಿ ಒಂದು ಪಾಲು. ಆದರೆ ವಡೋದರೆಯ ಹೋಟೆಲಿನಲ್ಲಿ ದುಡಿಯುವ ಮಾಣಿಯ ತಮ್ಮನು ಕುಂದಾಪುರದಲ್ಲಿರುತ್ತಾನೆ. ಸೂರತ್ತಿನ ಗುಮಾಸ್ತರ ಅಕ್ಕ ಧಾರವಾಡದಲ್ಲಿರುತ್ತಾರೆ. ಅವಘಡವಾದ ರಾತ್ರಿ ಅವರು ಬಂದು ಮುಟ್ಟುವುದೆಂತು?

ಆದುದರಿಂದ ಆರೋಗ್ಯವಂತರಾದ ನಮ್ಮ ಬಂಧುಗಳು ರಕ್ತದಾನಕ್ಕೆ ಮುಂದಾಗಬೇಕು. ದಾನಿಗಳ ರಕ್ತಕ್ಕೆ ರಕ್ತನಿಧಿಯಲ್ಲಿ ಮೇಲೆ ಹೇಳಿದ ಎರಡನೆಯ ಪರೀಕ್ಷೆಯೂ ನಡೆಯುತ್ತದೆ. ಗುಂಪು ಬರೆದ ಚೀಟಿ ಸದಾ ಜೇಬಿನಲ್ಲಿರಲಿ. ಅದರ ಒಂದು ನಕಲು ಹೋಟೆಲಿನ ಗಲ್ಲಾದಲ್ಲಿರಲಿ. ಅಪರೂಪದ ಗುಂಪೆಂದು ತಿಳಿದರೆ ಊರಿನ ಒಡಹುಟ್ಟಿದವರಿಗೂ ಕೂಡಲೇ ತಿಳಿಸಿರಿ. ಪರಸ್ಥಳದಲ್ಲಿ ನಮಗೆ ನಾವೇ ದಿಕ್ಕು.