ಬೆಳಕಿನ ಬೆನ್ನು ಹತ್ತಿದ ಆನ್ಸೆಲ್ ಆಡಮ್ಸ್

ನಿಸರ್ಗದ ಚಿತ್ರ ತೆಗೆಯುವುದು ಬಹಳ ಸುಲಭವೆಂದು ಅನೇಕರ ಭಾವನೆ. ಹುಲಿಗಾಗಿ, ಹಕ್ಕಿಗಾಗಿ ಗಂಟೆಗಟ್ಟಲೆ ಕಾದು ಕೂರುವವರ ಕಷ್ಟ ಇಲ್ಲಿಲ್ಲ. ಬೆಟ್ಟ ಓಡಿಹೋಗುವುದಿಲ್ಲ, ಮರ ಹಾರಿಹೋಗುವುದಿಲ್ಲ. ಕ್ಯಾಮೆರಾ ಹಿಡಿದು ನಿಂತರಾಯಿತು! ಆದರೆ ಬೆಟ್ಟ ನಿಂತಲ್ಲೇ ನಿಂತಿದ್ದರೂ ಅದರ ಮೇಲಿನ ಬೆಳಕು ನಿಲ್ಲುವುದಿಲ್ಲ. ಬೆಳಗಿನ ಆರು ಗಂಟೆಯ ಬೆಟ್ಟವೇ ಬೇರೆ, ಹತ್ತು ಗಂಟೆಯ ಬೆಟ್ಟವೇ ಬೇರೆ. ಈ ಓಡುವ ಬೆಳಕನ್ನು ಹಿಡಿಯುವುದರಲ್ಲೇ ಆರು ದಶಕ ಕಳೆದವರು ಅಮೆರಿಕದ ಆನ್ಸೆಲ್ ಆಡಮ್ಸ್. ಅವರ ಸಾಧನೆಯಲ್ಲಿ ಕಲೆ ಎಷ್ಟಿದೆಯೋ ವಿಜ್ಞಾನವೂ ಅಷ್ಟೇ ಇದೆ.

ಆಡಮ್ಸ್ ಹುಟ್ಟಿದ್ದು 1902ರ ಫೆಬ್ರವರಿ 20ರಂದು, ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ. 1906ರ ಭಾರಿ ಭೂಕಂಪದ ನಂತರದ ಕಂಪನವೊಂದು ನಾಲ್ಕು ವರ್ಷದ ಬಾಲಕನನ್ನು ತೋಟದ ಗೋಡೆಗೆ ಅಪ್ಪಳಿಸಿತು. ಮುರಿದ ಮೂಗು ಕೊನೆಯವರೆಗೂ ಸೊಟ್ಟಗೇ ಉಳಿಯಿತು. ಶಾಲೆಗೆ ಒಗ್ಗದ ಹುಡುಗ ಮನೆಯಲ್ಲೇ ಕಲಿತ. ಹನ್ನೆರಡನೆಯ ವಯಸ್ಸಿಗೆ ಪಿಯಾನೊ ಹಿಡಿದು, ಸಂಗೀತಗಾರನಾಗುವ ಕನಸು ಕಂಡ. 1916ರಲ್ಲಿ ಮನೆಯವರೊಡನೆ ಯೊಸೆಮಿಟಿ ಕಣಿವೆಗೆ ಪ್ರವಾಸ ಹೋದಾಗ ಕೈಗೆ ಬಂದದ್ದು ಕೊಡಾಕ್ ಕಂಪನಿಯ ಪುಟ್ಟ ಬಾಕ್ಸ್ ಬ್ರೌನಿ ಕ್ಯಾಮೆರಾ. ಅಂದಿನಿಂದ ಬದುಕಿನುದ್ದಕ್ಕೂ ಅವರು ಆ ಕಣಿವೆಗೆ ಹೋಗದ ವರ್ಷವಿಲ್ಲ.

ಕೊನೆಯ ಪ್ಲೇಟು

1927ರ ಏಪ್ರಿಲ್ 10. ಯೊಸೆಮಿಟಿಯಲ್ಲಿ ಕಣಿವೆಯ ನೆಲದಿಂದ ಸುಮಾರು 4,800 ಅಡಿ ಎತ್ತರಕ್ಕೆ ಎದ್ದಿರುವ 'ಹಾಫ್ ಡೋಮ್' ಎಂಬ ಬೃಹತ್ ಬಂಡೆಯ ಚಿತ್ರ ತೆಗೆಯಲು ಆಡಮ್ಸ್ ಗೆಳೆಯರೊಡನೆ ಹಿಮದಲ್ಲಿ ಬೆಟ್ಟ ಹತ್ತಿದ್ದರು. ಬೆನ್ನ ಮೇಲೆ ಭಾರದ ಕ್ಯಾಮೆರಾ, ಗಾಜಿನ ಪ್ಲೇಟುಗಳು. ಮೇಲೆ ತಲುಪುವ ಹೊತ್ತಿಗೆ ಉಳಿದದ್ದು ಎರಡೇ ಪ್ಲೇಟು. ಮಧ್ಯಾಹ್ನದ ಬಿಸಿಲು ಬಂಡೆಯ ಮೇಲೆ ಓರೆಯಾಗಿ ಬಿದ್ದಾಗ ಹಳದಿ ಫಿಲ್ಟರ್ ಹಾಕಿ ಒಂದನ್ನು ತೆಗೆದರು. ತೆಗೆದೊಡನೆ ಅವರಿಗೆ ಅನಿಸಿತು: ಕಣ್ಣಿಗೆ ಕಂಡದ್ದು ಬರಬಹುದು, ಮನಸ್ಸಿಗೆ ಕಂಡದ್ದು ಬರಲಾರದು. ಆ ಬಂಡೆಯ ಗಾಂಭೀರ್ಯಕ್ಕೆ ಹಿಂದೆ ಕಪ್ಪು ಆಕಾಶವೇ ಬೇಕಿತ್ತು. ಉಳಿದ ಒಂದೇ ಒಂದು ಪ್ಲೇಟಿಗೆ ಕಡುಗೆಂಪು ಫಿಲ್ಟರ್ ಹಾಕಿ ಐದು ಸೆಕೆಂಡು ಬೆಳಕು ಬಿಟ್ಟರು. ಆ ಚಿತ್ರವೇ ಅವರಿಗೆ ಹೆಸರು ತಂದಿತು.

ಕೆಂಪು ಗಾಜು ಆಕಾಶವನ್ನು ಕಪ್ಪಾಗಿಸಿದ್ದು ಹೇಗೆ? ಹೈಸ್ಕೂಲಿನ ಮಕ್ಕಳೂ ಓದುವ ಬೆಳಕಿನ ಚದುರಿಕೆಯೇ ಇದಕ್ಕೆ ಉತ್ತರ. ಗಾಳಿಯ ಅಣುಗಳು ಕಡಿಮೆ ತರಂಗಾಂತರದ ನೀಲಿ ಬೆಳಕನ್ನು ಕೆಂಪಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಚದುರಿಸುತ್ತವೆ. ಆದ್ದರಿಂದ ಆಕಾಶದಿಂದ ನಮ್ಮ ಕಣ್ಣಿಗೆ ಬರುವುದು ಮುಖ್ಯವಾಗಿ ನೀಲಿ. ಕೆಂಪು ಫಿಲ್ಟರ್ ಆ ನೀಲಿಯನ್ನೇ ತಡೆದುಬಿಡುತ್ತದೆ. ಬಂಡೆಗೆ ಬಿದ್ದು ಹಿಂದಿರುಗುವ ಬಿಸಿಲಿನಲ್ಲಿ ಎಲ್ಲ ಬಣ್ಣಗಳೂ ಇರುವುದರಿಂದ ಬಂಡೆ ಬೆಳಗುತ್ತದೆ, ಆಕಾಶ ಕಪ್ಪಾಗುತ್ತದೆ!

ಚಂದ್ರನೇ ಮೀಟರು

ಅವರ ಅತ್ಯಂತ ಪ್ರಸಿದ್ಧ ಚಿತ್ರದ ಕಥೆ ಇನ್ನೂ ಸ್ವಾರಸ್ಯವಾದುದು. 1941ರಲ್ಲಿ ಒಂದು ಸಂಜೆ ಆಡಮ್ಸ್ ನ್ಯೂ ಮೆಕ್ಸಿಕೊ ರಾಜ್ಯದ ಹೆರ್ನಾಂಡೆಸ್ ಎಂಬ ಹಳ್ಳಿಯ ಬಳಿ ಕಾರಿನಲ್ಲಿ ಹೋಗುತ್ತಿದ್ದರು. ಪೂರ್ವದಲ್ಲಿ ಹಿಮದ ಬೆಟ್ಟಗಳ ಮೇಲೆ ಚಂದ್ರ ಬಂದಿದ್ದ. ಪಶ್ಚಿಮದಲ್ಲಿ ಮುಳುಗುತ್ತಿದ್ದ ಸೂರ್ಯನ ಕೊನೆಯ ಕಿರಣಗಳಿಗೆ ಸ್ಮಶಾನದ ಬಿಳಿ ಶಿಲುಬೆಗಳು ಹೊಳೆಯುತ್ತಿದ್ದವು. ಕಾರು ನಿಲ್ಲಿಸಿ ದೊಡ್ಡ ಕ್ಯಾಮೆರಾ ಜೋಡಿಸಿದ್ದಾಯಿತು. ಆದರೆ ಬೆಳಕು ಅಳೆಯುವ ಮೀಟರು ಎಲ್ಲಿ ಹುಡುಕಿದರೂ ಸಿಗಲಿಲ್ಲ. ಸೂರ್ಯ ಮರೆಯಾಗಲು ಕ್ಷಣಗಳಷ್ಟೇ ಬಾಕಿ.

ಆಗ ಅವರ ನೆನಪಿಗೆ ಬಂದದ್ದು ಚಂದ್ರನ ಹೊಳಪು: ಚದರ ಅಡಿಗೆ 250 ಕ್ಯಾಂಡಲ್. ಆ ಒಂದು ಸಂಖ್ಯೆಯಿಂದಲೇ ಮನಸ್ಸಿನಲ್ಲಿ ಲೆಕ್ಕ ಹಾಕಿ ಚಿತ್ರ ತೆಗೆದರು. ಇನ್ನೊಂದು ಇರಲೆಂದು ಫಿಲ್ಮಿನ ಹೋಲ್ಡರನ್ನು ತಿರುಗಿಸುವಷ್ಟರಲ್ಲಿ ಶಿಲುಬೆಗಳ ಮೇಲಿನ ಬಿಸಿಲು ಹೋಗಿಯೇ ಬಿಟ್ಟಿತ್ತು!

ಚಂದ್ರನನ್ನು ಹೀಗೆ ನಂಬಬಹುದೇ? ಧಾರಾಳವಾಗಿ. ಸೂರ್ಯ ನಮ್ಮಿಂದ ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆ, ಚಂದ್ರನಾದರೋ ನಾಲ್ಕು ಲಕ್ಷದೊಳಗೆ. ಹೀಗಾಗಿ ನಮ್ಮ ಅಂಗಳಕ್ಕೆ ಬೀಳುವಷ್ಟೇ ಬಿಸಿಲು ಚಂದ್ರನ ನೆಲಕ್ಕೂ ಬೀಳುತ್ತದೆ ಎನ್ನಬಹುದು. ಆ ನೆಲ ಬಿದ್ದ ಬೆಳಕಿನಲ್ಲಿ ಹಿಂದಿರುಗಿಸುವುದು ಶೇಕಡ 12ರಷ್ಟನ್ನು ಮಾತ್ರ. ಕವಿಗಳ ಬೆಳ್ಳಿಯ ತಟ್ಟೆ ನಿಜಕ್ಕೂ ಬಿಸಿಲಿಗೆ ಬಿದ್ದ ಹಳೆಯ ಟಾರು ರಸ್ತೆಯಂತೆ! ಹುಣ್ಣಿಮೆಯ ಆಸುಪಾಸಿನಲ್ಲಿ, ಶುಭ್ರ ಆಕಾಶದಲ್ಲಿ ಅದರ ಹೊಳಪು ಹೆಚ್ಚು ಬದಲಾಗುವುದಿಲ್ಲ. ಮೊದಲೇ ತಿಳಿದಿಟ್ಟುಕೊಂಡಿದ್ದ ಈ ಒಂದು ಸಂಗತಿ ಆ ಸಂಜೆ ಚಿತ್ರವನ್ನು ಉಳಿಸಿತು. ಅದೃಷ್ಟ ಬಂದಾಗ ಬಾಗಿಲು ತೆರೆಯಲು ಕೈಗೆ ಅಭ್ಯಾಸವಿರಬೇಕು.

ಈ ಲೆಕ್ಕಾಚಾರವನ್ನು ಎಲ್ಲರೂ ಕಲಿಯುವಂತೆ ಮಾಡಿದ್ದು ಆಡಮ್ಸ್‌ರ ದೊಡ್ಡ ಕೊಡುಗೆ. 1939-40ರ ವೇಳೆಗೆ ಫ್ರೆಡ್ ಆರ್ಚರ್ ಅವರೊಡನೆ ಸೇರಿ ಅವರು 'ಜೋನ್ ಸಿಸ್ಟಮ್' ರೂಪಿಸಿದರು. ಕಡುಗಪ್ಪಿನಿಂದ ಅಚ್ಚಬಿಳುಪಿನವರೆಗೆ ಸೊನ್ನೆಯಿಂದ ಹತ್ತು, ಒಟ್ಟು ಹನ್ನೊಂದು ಮೆಟ್ಟಿಲುಗಳು. ಒಂದೊಂದು ಮೆಟ್ಟಿಲಿಗೂ ಬೆಳಕು ಇಮ್ಮಡಿ. ಹೆರ್ನಾಂಡೆಸ್‌ನಲ್ಲಿ ಚಂದ್ರನನ್ನು ಅವರು ಕೂರಿಸಿದ್ದು ಏಳನೆಯ ಮೆಟ್ಟಿಲಿನ ಮೇಲೆ. ಮುಗಿದ ಚಿತ್ರ ಹೇಗಿರಬೇಕೆಂದು ಶಟರ್ ಒತ್ತುವ ಮುನ್ನವೇ ಮನಸ್ಸಿನಲ್ಲಿ ಕಾಣಬೇಕೆಂಬುದು ಅವರ ಪಾಠ. ಪಿಯಾನೊ ಬಿಟ್ಟರೂ ಸಂಗೀತ ಅವರನ್ನು ಬಿಡಲಿಲ್ಲ. ನೆಗೆಟಿವ್ ಎಂದರೆ ಸ್ವರಲಿಪಿ, ಪ್ರಿಂಟ್ ಎಂದರೆ ಕಚೇರಿ ಎಂಬ ಅರ್ಥದ ಮಾತನ್ನು ಅವರು ಹೇಳುತ್ತಿದ್ದರು. ಹೆರ್ನಾಂಡೆಸ್ ನೆಗೆಟಿವ್ ಒಂದರಿಂದಲೇ 1,300ಕ್ಕೂ ಹೆಚ್ಚು ಪ್ರಿಂಟುಗಳನ್ನು ತೆಗೆದರು.

ಪಂಚಾಂಗದ ಪತ್ತೇದಾರಿ

ಬೆಳಕಿನ ಲೆಕ್ಕ ಚೆನ್ನಾಗಿಟ್ಟವರು ತಾರೀಖಿನ ಲೆಕ್ಕ ಮಾತ್ರ ಇಡಲಿಲ್ಲ. ಅದೇ ಚಿತ್ರಕ್ಕೆ ಒಮ್ಮೆ ಒಂದು ವರ್ಷ, ಇನ್ನೊಮ್ಮೆ ಇನ್ನೊಂದು ವರ್ಷ ಹೇಳುತ್ತಿದ್ದರು. ಕೊನೆಗೆ ಖಗೋಳ ಬಲ್ಲವರು ಚಂದ್ರನ ಸ್ಥಾನದಿಂದಲೇ ದಿನ ಹುಡುಕಹೊರಟರು. 1991ರಲ್ಲಿ ಡೆನಿಸ್ ಡಿ ಚಿಕೊ ನಿಖರವಾಗಿ ಹೇಳಿದ್ದು: 1941ರ ನವೆಂಬರ್ 1, ಸಂಜೆ 4 ಗಂಟೆ 49 ನಿಮಿಷ 20 ಸೆಕೆಂಡು!

ಯೊಸೆಮಿಟಿಯ ಗ್ಲೇಸಿಯರ್ ಪಾಯಿಂಟ್‌ನಿಂದ ತೆಗೆದ 'ಶರತ್ಕಾಲದ ಚಂದ್ರ' ಚಿತ್ರದ ದಿನವನ್ನೂ ಟೆಕ್ಸಾಸಿನ ಡೊನಾಲ್ಡ್ ಓಲ್ಸನ್ ತಂಡ ಹೀಗೆಯೇ ಪತ್ತೆ ಮಾಡಿತು: 1948ರ ಸೆಪ್ಟೆಂಬರ್ 15. ಹತ್ತೊಂಬತ್ತು ವರ್ಷಕ್ಕೊಮ್ಮೆ ತಿಥಿಯೂ ತಾರೀಖೂ ಹೆಚ್ಚುಕಡಿಮೆ ಒಟ್ಟಿಗೆ ಬರುವುದು ಪಂಚಾಂಗ ನೋಡುವ ನಮ್ಮ ಮನೆಗಳಲ್ಲಿ ಗೊತ್ತಿರುವ ಮಾತೇ. ಅಂಥ ಮೂರು ಸುತ್ತು ಮುಗಿದ 2005ರ ಸೆಪ್ಟೆಂಬರ್ 15ರಂದು ಜನ ಅದೇ ಜಾಗದಲ್ಲಿ ಸೇರಿ, ಅದೇ ಬೆಟ್ಟಗಳ ಮೇಲೆ ಚಂದ್ರ ಏರುವುದನ್ನು ನೋಡಿದರು.

ಚಿತ್ರವೇ ವಕೀಲ

ಆಡಮ್ಸ್‌ರ ಬೆಟ್ಟದ ಪ್ರೀತಿ ಚೌಕಟ್ಟಿನೊಳಗೇ ನಿಲ್ಲಲಿಲ್ಲ. ಕ್ಯಾಲಿಫೋರ್ನಿಯದ ಕಿಂಗ್ಸ್ ಕಣಿವೆಯನ್ನು ಕಾಪಾಡಬೇಕೆಂದು 1936ರಲ್ಲಿ ಚಿತ್ರಗಳ ಕಟ್ಟು ಹಿಡಿದು ವಾಷಿಂಗ್ಟನ್‌ಗೆ ಹೋಗಿ ಜನಪ್ರತಿನಿಧಿಗಳನ್ನು ಕಂಡರು. 1938ರಲ್ಲಿ ಸಿಯೆರಾ ನೆವಾಡ ಬೆಟ್ಟಗಳ ಚಿತ್ರಪುಸ್ತಕ ತಂದರು. ಅದು ಅಧ್ಯಕ್ಷ ರೂಸ್‌ವೆಲ್ಟ್‌ರವರೆಗೂ ತಲುಪಿತು. 1940ರಲ್ಲಿ ಕಿಂಗ್ಸ್ ಕಣಿವೆ ರಾಷ್ಟ್ರೀಯ ಉದ್ಯಾನವಾಯಿತು. ಭಾಷಣ ಮಾಡಲಾಗದ್ದನ್ನು ಚಿತ್ರ ಮಾಡಿತು. ಒಂದು ಕಾಡು ಉಳಿಯಬೇಕಾದರೆ ಅದನ್ನು ಎಂದೂ ನೋಡದವರ ಕಣ್ಣಿಗೂ ಅದು ಮೊದಲು ಕಾಣಬೇಕು.

1984ರ ಏಪ್ರಿಲ್ 22ರಂದು ಆಡಮ್ಸ್ ತೀರಿಕೊಂಡರು. ಮರುವರ್ಷ ಸಿಯೆರಾ ನೆವಾಡದ ಒಂದು ಶಿಖರಕ್ಕೆ ಅವರ ಹೆಸರಿಟ್ಟರು. ಅವರ ಚಿತ್ರವಾದರೋ ಅದಕ್ಕಿಂತಲೂ ಮೇಲೆ ಹೋಗಿದೆ. 1977ರಲ್ಲಿ ಹಾರಿದ ವಾಯೇಜರ್ ನೌಕೆಗಳೆರಡೂ ಭೂಮಿಯ ಗುರುತಾಗಿ ಒಂದೊಂದು ಚಿನ್ನದ ಲೇಪದ ತಟ್ಟೆಯನ್ನು ಹೊತ್ತಿವೆ. ಅದರಲ್ಲಿ 55 ಭಾಷೆಗಳ ಶುಭಾಶಯಗಳಿವೆ, ಅವುಗಳಲ್ಲಿ ನಮ್ಮ ಕನ್ನಡವೂ ಒಂದು. ಅದೇ ತಟ್ಟೆಯಲ್ಲಿ ಗ್ರ್ಯಾಂಡ್ ಟೀಟನ್ ಬೆಟ್ಟಗಳ ಮುಂದೆ ಹರಿಯುವ ಸ್ನೇಕ್ ನದಿಯ ಆಡಮ್ಸ್ ಚಿತ್ರವೂ ಇದೆ. ಸೌರಮಂಡಲದ ಗ್ರಹಗಳನ್ನೆಲ್ಲ ದಾಟಿ ಹೋಗಿರುವ ಆ ಕತ್ತಲಲ್ಲಿ, ನಮ್ಮ ಭೂಮಿಯ ಒಂದು ದಿನದ ಬೆಳಕು ನಮ್ಮ ನುಡಿಯ ಜೊತೆಯಲ್ಲೇ ಪಯಣಿಸುತ್ತಿದೆ.