‘ಇಂದಿರಾಬಾಯಿ’: ಮೊದಲನೆಯದೆಂಬ ಬಿರುದಿನ ಹಿಂದೆ ಮರೆಯಾದ ಕಾದಂಬರಿ

ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿ ಯಾವುದು ಎಂದು ಸ್ಪರ್ಧಾತ್ಮಕ ಪರೀಕ್ಷೆಗೆ ಸಿದ್ಧರಾಗುತ್ತಿರುವ ಯಾರನ್ನು ಕೇಳಿದರೂ ಉತ್ತರ ಥಟ್ಟನೆ ಬರುತ್ತದೆ: ‘ಇಂದಿರಾಬಾಯಿ’. ಕರ್ತೃ ಗುಲ್ವಾಡಿ ವೆಂಕಟರಾಯರು, ವರ್ಷ 1899, ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಹೆಚ್ಚಿನವರಿಗೆ ಕೃತಿಯ ಪರಿಚಯ ಅಲ್ಲಿಗೇ ಮುಗಿಯುತ್ತದೆ. ಮೊದಲನೆಯದೆಂಬ ಬಿರುದು ಸಾಹಿತ್ಯ ಚರಿತ್ರೆಯಲ್ಲಿ ಅದಕ್ಕೊಂದು ಪೀಠವನ್ನು ಒದಗಿಸಿತು. ಪೀಠದಿಂದ ಇಳಿಸಿ ಓದುವ ಗೋಜಿಗೆ ಹೋದವರು ಕಡಿಮೆ.

ಇಂಗ್ಲಿಷಿನಲ್ಲಿಯೂ ಇಂಥದೇ ಒಂದು ಪ್ರಸಂಗವುಂಟು. 1847ರ ಡಿಸೆಂಬರಿನಲ್ಲಿ ಪ್ರಕಟವಾದ ಆನ್ ಬ್ರಾಂಟೆಯ ‘ಆಗ್ನೆಸ್ ಗ್ರೇ’ ಕಾದಂಬರಿಗೆ ಆಕೆಯ ಅಕ್ಕಂದಿರ ಪುಸ್ತಕಗಳೇ ಮರೆಯಾದವು. ಷಾರ್ಲೆಟ್‌ಳ ‘ಜೇನ್ ಐರ್’ ಅದೇ ವರ್ಷ ಬಂದಿತ್ತು; ಎಮಿಲಿಯ ‘ವುದರಿಂಗ್ ಹೈಟ್ಸ್’ ಜತೆಗೆ ಮೂರನೆಯ ಸಂಪುಟವಾಗಿ ‘ಆಗ್ನೆಸ್ ಗ್ರೇ’ ಹೊರಬಂದಿತು. ಸಿರಿವಂತರ ಮನೆಯಲ್ಲಿ ಉಳಿದುಕೊಂಡು ಅವರ ಮಕ್ಕಳಿಗೆ ಪಾಠ ಹೇಳುವ ಉಪಾಧ್ಯಾಯಿನಿ, ಅಂದರೆ ಗವರ್ನೆಸ್, ಇದರ ನಾಯಕಿ. ಬಡ ಪಾದ್ರಿಯ ಮಗಳಾದ ಆಗ್ನೆಸ್‌ಗೆ ಮೊದಲ ಮನೆಯಲ್ಲಿ ವರ್ಷಕ್ಕೆ 25 ಪೌಂಡ್, ಎರಡನೆಯ ಮನೆಯಲ್ಲಿ 50 ಪೌಂಡ್ ಸಂಬಳ. ಯಜಮಾನರ ಪಂಕ್ತಿಯಲ್ಲಿ ಆಕೆಗೆ ಸ್ಥಾನವಿಲ್ಲ; ಆಳುಗಳ ಸಾಲಿಗೂ ಆಕೆ ಸೇರಿದವಳಲ್ಲ. ಶಿಷ್ಯನೊಬ್ಬ ಹಕ್ಕಿಮರಿಗಳನ್ನು ಹಿಂಸಿಸಿ ಕೊಲ್ಲಲು ಹೊರಟಾಗ, ಅವು ನರಳದಿರಲೆಂದು ಆಕೆಯೇ ಕಲ್ಲು ಹಾಕಿ ಸಾಯಿಸುವ ದೃಶ್ಯವನ್ನು ಓದಿದವರು ಮರೆಯಲಾರರು. ಆನ್ ಸ್ವತಃ 1839ರಿಂದ 1845ರ ನಡುವೆ ಎರಡು ಮನೆಗಳಲ್ಲಿ ಈ ಕೆಲಸ ಮಾಡಿ ದಣಿದಿದ್ದಳು. 29ನೆಯ ವಯಸ್ಸಿನಲ್ಲಿ, 1849ರಲ್ಲಿ ತೀರಿಕೊಂಡಳು. ಕಾದಂಬರಿಯನ್ನು ವಿಮರ್ಶಕರು ಗಂಭೀರವಾಗಿ ಕೈಗೆತ್ತಿಕೊಂಡದ್ದು ಇಪ್ಪತ್ತನೆಯ ಶತಮಾನದಲ್ಲಿ.

‘ಇಂದಿರಾಬಾಯಿ’ಯೂ ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಕಾಲದ್ದೇ. ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಪೊಲೀಸ್ ಇಲಾಖೆಯ ನೌಕರಿ ಮಾಡಿದ್ದ ಸಾರಸ್ವತ ಗೃಹಸ್ಥರೊಬ್ಬರು ಅದನ್ನು ಬರೆದರು. ಲಂಚದಿಂದ ಹಣ ಕೂಡಿಸಿದ ಭೀಮರಾಯ ಮತ್ತು ಅಂಬಾಬಾಯಿ ದಂಪತಿಯ ಮಗಳು ಇಂದಿರಾ. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವಳು. ವಿಧವೆ ಮಗಳ ಓದು ಹೆತ್ತವರಿಗೆ ಬೇಡ. ಸಂತರೆಂದು ಕರೆಸಿಕೊಳ್ಳುವವರ ಮಂಡಳಿಯಲ್ಲಿ ಆಕೆ ಸೇವೆ ಮಾಡಿಕೊಂಡಿರಲಿ ಎಂಬುದು ಅವರ ಒತ್ತಾಯ. ಆ ಸಂತರ ಕಣ್ಣು ಎಲ್ಲಿ ನೆಟ್ಟಿದೆಯೆಂಬುದನ್ನು ಲೇಖಕರು ಮುಚ್ಚಿಡುವುದಿಲ್ಲ. ಇಂದಿರಾ ಮನೆ ಬಿಟ್ಟು ಅಮೃತರಾಯನೆಂಬ ಸಜ್ಜನನ ಆಶ್ರಯಕ್ಕೆ ಬರುತ್ತಾಳೆ, ಶಾಲೆಗೆ ಸೇರುತ್ತಾಳೆ. ಕೊನೆಗೆ ಇಂಗ್ಲೆಂಡಿಗೆ ಹೋಗಿ ಅಧಿಕಾರಿಯಾಗಿ ಮರಳಿದ ಭಾಸ್ಕರರಾಯನನ್ನು ವರಿಸುತ್ತಾಳೆ.

ಕಥೆಯ ಈ ಸಾರಾಂಶವನ್ನಷ್ಟೇ ಕೇಳಿದವರು ಇದನ್ನು ಸಮಾಜ ಸುಧಾರಣೆಯ ಉಪದೇಶವೆಂದು ಬದಿಗಿಡುವುದು ಸಹಜ. ಉಪದೇಶ ಇದೆ, ಕೆಲವೆಡೆ ಬೇಸರ ತರಿಸುವಷ್ಟೇ ಇದೆ; ‘ಸದ್ಧರ್ಮ ವಿಜಯ’ ಎಂಬ ಉಪಶೀರ್ಷಿಕೆಯೇ ಅದನ್ನು ಮೊದಲೇ ಸಾರುತ್ತದೆ. ಆದರೆ ಕಾದಂಬರಿಯ ಜೀವ ಇರುವುದು ಇಂದಿರೆಯ ನಿರ್ಧಾರದಲ್ಲಿ. ವಿಧವಾ ವಿವಾಹಕ್ಕೆ 1856ರಲ್ಲೇ ಕಾನೂನಿನ ಒಪ್ಪಿಗೆ ದೊರೆತಿತ್ತಾದರೂ ಅದಕ್ಕೆ ಮುಂದಾದವರಿಗೆ, ಕಡಲು ದಾಟಿ ಬಂದವರಿಗೆ ಜಾತಿ ಬಹಿಷ್ಕಾರದ ಭಯ ತಪ್ಪಿರಲಿಲ್ಲ. ಅಂಥ ಕಾಲದಲ್ಲಿ ಹೆತ್ತವರ ಮನೆಯ ಬಾಗಿಲು ದಾಟುವ ಹುಡುಗಿಯನ್ನು ಲೇಖಕರು ತಪ್ಪಿತಸ್ಥಳಂತೆ ಚಿತ್ರಿಸುವುದಿಲ್ಲ. ಆಕೆ ಹೊರಟದ್ದು ಮದುವೆಯ ಆಸೆಯಿಂದಲ್ಲ. ಮದುವೆ ಬರುವುದು ಆಮೇಲೆ.

ಹಾಗೆಂದು ಕೃತಿಯ ಮಿತಿಯನ್ನು ಮರೆಮಾಚಬೇಕಾಗಿಲ್ಲ. ಆಗ್ನೆಸ್ ತನ್ನ ವಿದ್ಯೆಯಿಂದ ಸಂಪಾದಿಸುತ್ತಾಳೆ. ತಂದೆ ತೀರಿಕೊಂಡ ಮೇಲೆ ತಾಯಿಯೊಡನೆ ಸ್ವಂತ ಶಾಲೆ ತೆರೆಯುತ್ತಾಳೆ. ಆಕೆಯ ಕಥೆಯೂ ಮದುವೆಯಲ್ಲೇ ಮುಗಿಯುತ್ತದೆಯಾದರೂ ಆ ಹೊತ್ತಿಗೆ ಆಕೆ ತನ್ನ ಕಾಲ ಮೇಲೆ ನಿಂತಿರುತ್ತಾಳೆ. ಇಂದಿರೆಯ ವಿದ್ಯೆಗೆ ಸಂಬಳವಿಲ್ಲ. ಅದು ಆಕೆಯನ್ನು ಸುಶಿಕ್ಷಿತ ವರನಿಗೆ ತಕ್ಕ ವಧುವನ್ನಾಗಿಸುತ್ತದೆ. ಹೆಣ್ಣು ಓದಬೇಕೆಂದು ಅಷ್ಟು ದೃಢವಾಗಿ ಹೇಳಿದ ಲೇಖಕರಿಗೆ, ಓದಿದ ಹೆಣ್ಣು ದುಡಿದು ಬದುಕುವ ಚಿತ್ರ ಮಾತ್ರ ಹೊಳೆಯಲಿಲ್ಲ.

ಈ ಕಾದಂಬರಿ ಒಂಟಿಯಾಗಿ ಹುಟ್ಟಿದ್ದೂ ಅಲ್ಲ. ಅದು ಬಂದ ಮರುವರ್ಷವೇ, 1900ರಲ್ಲಿ, ನೇತ್ರಾವತಿಯ ದಂಡೆಯ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರ ‘ನನ್ನ ಚಿಕ್ಕತಾಯಿ’ ಮಂಗಳೂರಿನ ‘ಸುವಾಸಿನಿ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕನ್ನಡದ ಸಣ್ಣಕತೆಯ ಆರಂಭವನ್ನು ಅಲ್ಲಿ ಗುರುತಿಸುವ ವಿದ್ವಾಂಸರಿದ್ದಾರೆ. 1905ರಲ್ಲಿ ಬೋಳಾರ ಬಾಬುರಾಯರ ‘ವಾಗ್ದೇವಿ’ ಬಂದಿತು. ಮನೆಯಲ್ಲಿ ಕೊಂಕಣಿ, ಪೇಟೆಯಲ್ಲಿ ತುಳು, ಶಾಲೆ ಮತ್ತು ಕಚೇರಿಯಲ್ಲಿ ಕನ್ನಡ ಬಳಸುತ್ತಿದ್ದ ಚಿಕ್ಕದೊಂದು ವಿದ್ಯಾವಂತ ವರ್ಗ ತನ್ನ ಮನೆಯೊಳಗಿನ ಸಂಗತಿಗಳನ್ನೇ ಬರೆಯತೊಡಗಿದ ಕಾಲವದು. ಪಂಜೆಯವರು ಶಾಲಾ ಇನ್‌ಸ್ಪೆಕ್ಟರ್ ಕೂಡ ಆಗಿದ್ದರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯಂಥ ಊರುಗಳಲ್ಲಿ ಇಂದು ಹೆಣ್ಣುಮಕ್ಕಳು ಬೆಳಗ್ಗೆ ಬಸ್ಸು ಹಿಡಿದು ಕಾಲೇಜಿಗೆ ಹೊರಡುವುದನ್ನು ನೋಡುವವರಿಗೆ, ಇದೇ ಜಿಲ್ಲೆಯಲ್ಲಿ ಹುಡುಗಿಯೊಬ್ಬಳು ಶಾಲೆ ಸೇರುವುದು ಇಡೀ ಕಾದಂಬರಿಗೆ ವಸ್ತುವಾಗಿತ್ತೆಂದರೆ ವಿಚಿತ್ರವೆನಿಸೀತು.

ವೆಂಕಟರಾಯರಿಗೆ ಹೊಳೆಯದೇ ಉಳಿದ ಚಿತ್ರವನ್ನು ಬದುಕಿ ತೋರಿಸಿದವರು ನಂಜನಗೂಡಿನ ತಿರುಮಲಾಂಬ. ಬಾಲವಿಧವೆಯಾದ ಅವರು ಮನೆಯಲ್ಲೇ ಓದಿ ಬೆಳೆದು, ‘ಸುಶೀಲೆ’ ಎಂಬ ಕಾದಂಬರಿಯನ್ನು 1913ರಲ್ಲಿ ಹೊರತಂದರು. ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ತಾವೇ ನಡೆಸಿ, ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನು ಸಂಪಾದಿಸಿದರು. ಗುಲ್ವಾಡಿಯವರು ತೀರಿಕೊಂಡದ್ದೂ 1913ರಲ್ಲೇ.

‘ಇಂದಿರಾಬಾಯಿ’ಯನ್ನು ಮೊದಲು ಗಮನಿಸಿದ ಹೊರಗಿನವರು ಜಿಲ್ಲೆಯಲ್ಲಿ ಅಧಿಕಾರಿಯಾಗಿದ್ದ ಎಂ.ಇ. ಕೌಚ್‌ಮನ್. ಅವರ ಇಂಗ್ಲಿಷ್ ಅನುವಾದ 1903ರಲ್ಲಿ ಮಂಗಳೂರಿನಿಂದಲೇ ಪ್ರಕಟವಾಯಿತು. ಹೊಸ ಅನುವಾದಕ್ಕೆ ಶತಮಾನವೇ ಕಾಯಬೇಕಾಯಿತು: ವನಮಾಲಾ ವಿಶ್ವನಾಥ ಮತ್ತು ಶಿವರಾಮ ಪಡಿಕ್ಕಲ್ ಅವರ ಅನುವಾದವನ್ನು ಆಕ್ಸ್‌ಫರ್ಡ್ ಪ್ರಕಾಶನ 2019ರಲ್ಲಿ ತಂದಿತು. ಅದಕ್ಕೂ ಮೊದಲು, 2003ರ ಡಿಸೆಂಬರಿನಲ್ಲಿ, ಮೂಡುಬಿದಿರೆಯಲ್ಲಿ 71ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ಜರುಗಿತ್ತು. ಅಧ್ಯಕ್ಷರ ಪೀಠದಲ್ಲಿದ್ದವರು ಕಮಲಾ ಹಂಪನಾ. ಸಮ್ಮೇಳನದ ಅದುವರೆಗಿನ ಇತಿಹಾಸದಲ್ಲಿ ಆ ಪೀಠವೇರಿದ ಮೂರನೆಯ ಮಹಿಳೆ ಅವರು. ಇಡೀ ಬದುಕನ್ನು ಓದು ಮತ್ತು ಅಧ್ಯಾಪನದಲ್ಲಿ ಕಳೆದವರು.